ಬೋರ್ಡಿನ ಮೂಲೆಯ ಬಿರುಕು

ನಮ್ಮ ಅಡುಗೆಮನೆಯ ಪ್ಲಗ್ ಬೋರ್ಡಿನ ಮೂಲೆಯಿಂದ ಒಂದು ಬಿರುಕು ಮೇಲಕ್ಕೆ ಹೋಗಿತ್ತು. ಪ್ರತಿ ದೀಪಾವಳಿಗೆ ಸುಣ್ಣ ಹಚ್ಚುವಾಗ ನಾವು ಅಕ್ಕ-ತಮ್ಮ ಸೇರಿ ಅದಕ್ಕೊಂದಿಷ್ಟು ಸಿಮೆಂಟ್ ಮೆತ್ತುತ್ತಿದ್ದೆವು. ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಅಲ್ಲೇ ಬಾಯಿ ಬಿಡುತ್ತಿತ್ತು. ಹಳ್ಳಿಮನೆ, ಹಳೇ ಗೋಡೆ, ಬಿರುಕು ಇದ್ದದ್ದೇ ಅಂತ ಸುಮ್ಮನಿದ್ದೆವು.

ಹಳಿಯಾಳ ಕಡೆಯ ನಮ್ಮ ಮನೆಯದು ಮಣ್ಣಿನ ಗೋಡೆ, ಮೇಲೆ ಸಿಮೆಂಟ್ ಗಿಲಾವು, ಹಂಚಿನ ಮಾಡು. ಒಂದು ಮಳೆಗಾಲದ ಸಂಜೆ ಅವ್ವ ಮಿಕ್ಸರಿನ ಪಿನ್ ಕೀಳಲು ಗೋಡೆಗೆ ಕೈ ಊರಿದಳು. ತಕ್ಷಣ ಹಿಂದೆ ಸರಿದಳು.

“ಗ್ವಾಡಿನೇ ಜುಮ್ ಅಂತೈತಿ ನೋಡ್ರಪಾ.”

ಆ ರಾತ್ರಿ ಮೇನ್ ಸ್ವಿಚ್ ಬಂದ್ ಮಾಡಿ, ಚಿಮಣಿ ಹಚ್ಚಿಕೊಂಡು ಉಂಡೆವು.

ಮರುದಿನ ಬಂದ ವಾಯರ್‌ಮನ್ ಕಾಕಾ ಮೊದಲು ಬೋರ್ಡನ್ನು ಎರಡು ಬೆರಳಲ್ಲಿ ಅಲುಗಿಸಿದರು. ಅದು ಹಳೇ ಹಲ್ಲಿನಂತೆ ಅಲುಗಿತು. “ಗ್ವಾಡಿದ ತಪ್ಪಿಲ್ಲ ತಮ್ಮಾ, ಬೋರ್ಡ್ ಸಡ್ಲ ಆಗೈತಿ. ಪಿನ್ ಹಾಕಿ ಕಿತ್ತಾಗೊಮ್ಮೆ ಗಿಲಾವು ಒಡೀತೈತಿ” ಅಂದರು.

ಬಿಚ್ಚಿ ನೋಡಿದರೆ, ಸ್ಕ್ರೂ ಹಿಡಿಯಲು ಗೋಡೆಯೊಳಗೆ ಬಡಿದಿದ್ದ ಕಟ್ಟಿಗೆ ತುಂಡುಗಳನ್ನು ಗೆದ್ದಲು ತಿಂದಿತ್ತು. ಬೋರ್ಡ್ ಅಲುಗಾಡಿ ವಾಯರಿನ ಪ್ಲಾಸ್ಟಿಕ್ ಸವೆದು, ಒಳಗಿನ ತಂತಿ ಹಸಿ ಗಿಲಾವಿಗೆ ತಾಗುತ್ತಿತ್ತು. ಮೇಲೆ ಒಡೆದ ಹಂಚಿನಿಂದ ನೀರು ಅದೇ ಗೋಡೆಗೆ ಇಳಿಯುತ್ತಿತ್ತು. ನಾವು ವರ್ಷವರ್ಷವೂ ಸಿಮೆಂಟ್ ಹಚ್ಚಿ ಮುಚ್ಚಿದ್ದು ಇದನ್ನೇ.

ರಿಪೇರಿ ಆಮೇಲೆ ತಲೆಕೆಳಗಾಗಿ ನಡೆಯಿತು. ಮೊದಲು ಹಂಚು, ಆಮೇಲೆ ವಾಯರು, ನಂತರ ಬೋರ್ಡು, ಕಟ್ಟಕಡೆಗೆ ಬಿರುಕು. ಹಂಚು ಬದಲಿಸಿ, ಗೋಡೆ ಆರುವವರೆಗೆ ಆ ಬೋರ್ಡಿನ ಲೈನೇ ಬಿಡಿಸಿಟ್ಟೆವು. ವಾಯರಿನ ಕೆಲಸ ಕಾಕಾನದು, ಅದಕ್ಕೆ ನಾವು ಕೈ ಹಾಕಲಿಲ್ಲ. ಅವರು ಮೇನ್ ಬಂದ್ ಮಾಡಿದರೂ ನಂಬಲಿಲ್ಲ. ಟೆಸ್ಟರ್ ಸರಿಯಿದೆಯೇ ಎಂದು ಮೊದಲೇ ಕರೆಂಟ್ ಇದ್ದ ಕಡೆ ನೋಡಿಕೊಂಡು, ಆಮೇಲೆ ಈ ಬೋರ್ಡಿಗೆ ಹಿಡಿದರು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡಬೇಕು, ಮೇನ್ ತೆಗೆದರೂ ಅದರ ಕರೆಂಟ್ ಉಳಿದಿರುತ್ತದೆ ಅಂತ ಎಚ್ಚರಿಸಿದರು.

ಬೋರ್ಡ್ ಗಟ್ಟಿಯಾಗಿ ಕೂತ ಮೇಲೆ ಗೌಂಡಿ ಮಾಮಾ ಬಂದರು. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬಿರುಸಾದ ಸಿಮೆಂಟ್ ಅದರ ಜೊತೆ ಬಾಗುವುದಿಲ್ಲ, ಸಿಡಿದು ಬೀಳುತ್ತದೆ. ಅದಕ್ಕೇ ಅವರು ಸಡಿಲ ಗಿಲಾವನ್ನೆಲ್ಲ ಕೆರೆದು, ಬಿರುಕನ್ನು ತುಸು ಅಗಲ ಕೆತ್ತಿ, ಧೂಳು ಗುಡಿಸಿ, ನೀರು ಚಿಮುಕಿಸಿದರು. ಸೋಸಿದ ಮಣ್ಣು, ಉಸುಕು, ಸುಣ್ಣ ಕಲಸಿ ತುಂಬಿ, ನಡುವೆ ತೆಳು ಜಾಳಿಗೆ ಪಟ್ಟಿ ಕೂರಿಸಿ, ಮೇಲೆ ಇನ್ನೊಂದು ಪದರ ಎಳೆದರು. ಬೆಂಗಳೂರಿನ ಆಫೀಸುಗಳ ಜಿಪ್ಸಮ್ ಬೋರ್ಡ್ ಗೋಡೆಗೂ ಉಪಾಯ ಇಂಥದ್ದೇ. ಅಲ್ಲಿ ಬಿರುಕಿನ ಮೇಲೆ ಟೇಪ್ ಅಂಟಿಸಿ ಪುಟ್ಟಿ ಎಳೆಯುತ್ತಾರೆ. ಡಬ್ಬಿ ಸಡಿಲವಿದ್ದರೆ ಅಲ್ಲಿಯೂ ಬಿರುಕು ಮರಳಿ ಬರುತ್ತದೆ.

ಕಾಕಾ ಹೋಗುವ ಮುನ್ನ ಆರ್‌ಸಿಸಿಬಿ ಹಾಕಿಸಿಕೊಳ್ಳಲು ಹೇಳಿದರು. ಎಂಸಿಬಿ ಇದೆಯಲ್ಲ ಅಂದೆವು. ಎಂಸಿಬಿ ಬೀಳುವುದು ಲೋಡ್ ಮಿತಿ ಮೀರಿದಾಗ ಅಥವಾ ಶಾರ್ಟ್ ಆದಾಗ. ಮನುಷ್ಯನ ಮೈಯಿಂದ ನೆಲಕ್ಕೆ ಹರಿಯುವ ಅಲ್ಪ ಕರೆಂಟ್ ಅದಕ್ಕೆ ಗೊತ್ತಾಗುವುದಿಲ್ಲ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುತ್ತದೆ. ಅರ್ಥಿಂಗನ್ನೂ ಹೊಸದಾಗಿ ಮಾಡಿಸಿದೆವು.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲು ಸೊನ್ನೆಯಾಗಿದೆ, ಆದರೆ ಗೋಡೆಯೊಳಗಿನ ವಾಯರು ಹಳೆಯದೇ ಇತ್ತು. ಜೋಯಿಡಾ, ದಾಂಡೇಲಿಯ ಮಳೆಗೆ ತಿಂಗಳುಗಟ್ಟಲೆ ಗೋಡೆ ಆರುವುದಿಲ್ಲ. ಮುಂಡಗೋಡ ಕಡೆ ಮಳೆ ಕಡಿಮೆಯಾದರೂ ಹಂಚು ಒಡೆದರೆ ಗೋಡೆ ಅಲ್ಲಿಯೂ ಹಸಿಯೇ.

ಇವತ್ತು ನಿಮ್ಮ ಮನೆಯ ಬೋರ್ಡುಗಳ ಸುತ್ತ ಒಮ್ಮೆ ಕಣ್ಣಾಡಿಸಿ. ಬಿರುಕಿದ್ದು, ಬದಿಯಲ್ಲಿ ತೇವದ ಕಲೆಯೂ ಇದ್ದರೆ ಕೈ ಹಚ್ಚಬೇಡಿ. ಮೇನ್ ಬಂದ್ ಮಾಡಿ ವಾಯರ್‌ಮನ್‌ಗೆ ಫೋನ್ ಹಚ್ಚಿ. ಸಿಮೆಂಟ್ ಆಮೇಲೆ ಹಚ್ಚಿದರಾಯಿತು.

ಅವ್ವ ಈಗಲೂ ಪಿನ್ ಕೀಳುವಾಗ ಗೋಡೆಗೆ ಕೈ ಊರುವುದಿಲ್ಲ.