ಸೆರೆಯಾಳು ಹೋದ ದಾರಿಯಲ್ಲಿ

ಸ್ಕಾಟ್ಲೆಂಡಿನ ಅಸಿಂಟ್ ಸರೋವರದೊಳಕ್ಕೆ ಚಾಚಿಕೊಂಡ ಕಲ್ಲುನೆಲದ ಮೇಲೆ ಆರ್ಡ್‌ವ್ರೆಕ್ ಕೋಟೆ ನಿಂತಿದೆ. ಉಳಿದಿರುವುದು ಒಂದು ಗೋಪುರದ ಪಕ್ಕೆ, ಒಂದಿಷ್ಟು ಕಮಾನು. ಮೇ ತಿಂಗಳು. ಆದರೂ ನೀರಿನ ಮೇಲಿಂದ ಬರುವ ಗಾಳಿಗೆ ಮೈ ನಡುಗುತ್ತಿತ್ತು. ಇನ್ವರ್ನೆಸ್ಸಿನಿಂದ ಅಲ್ಲಪೂಲ್‌ವರೆಗೆ ಬಸ್ಸು, ಅಲ್ಲಿಂದ ಬಾಡಿಗೆ ಕಾರು. ದಾರಿಯುದ್ದಕ್ಕೂ ಮನುಷ್ಯರಿಗಿಂತ ಕುರಿಗಳೇ ಹೆಚ್ಚು.

1650ರಲ್ಲಿ ಇದೇ ನೆಲದ ಮೇಲೆ, ಹಸಿದು ಬಳಲಿ, ರೈತರ ಬಟ್ಟೆ ತೊಟ್ಟು ಅಲೆಯುತ್ತಿದ್ದವನು ಮಾಂಟ್ರೋಸ್‌ನ ಮಾರ್ಕ್ವಿಸ್ ಜೇಮ್ಸ್ ಗ್ರಹಾಂ. ಏಪ್ರಿಲ್ 27ರಂದು ಕಾರ್ಬಿಸ್‌ಡೇಲ್‌ನಲ್ಲಿ ಅವನ ಸಣ್ಣ ಸೇನೆ ನುಚ್ಚುನೂರಾಗಿತ್ತು. ಆಶ್ರಯ ಸಿಕ್ಕೀತೆಂದು ಈ ಕೋಟೆಗೆ ಬಂದ. ಇಲ್ಲಿಂದ ಅವನನ್ನು ವೈರಿಗಳ ಕೈಗೆ ಒಪ್ಪಿಸಿದರು. ಯಜಮಾನ ನೀಲ್ ಮ್ಯಾಕ್ಲೌಡ್ ಆಗ ಮನೆಯಲ್ಲಿರಲಿಲ್ಲ, ಕೂಡಿಹಾಕಿಸಿದವಳು ಅವನ ಹೆಂಡತಿ ಕ್ರಿಸ್ಟಿಯನ್ ಮನ್ರೋ ಎಂಬ ಮಾತು ಈ ಸೀಮೆಯಲ್ಲಿ ಇಂದಿಗೂ ಇದೆ.

ಮಾಂಟ್ರೋಸ್ ಗೆದ್ದ ಕಾಳಗಗಳ ಕಥೆ ಬೇಕಾದಷ್ಟು ಪುಸ್ತಕಗಳಲ್ಲಿ ಸಿಗುತ್ತದೆ. ಅವನ್ನೆಲ್ಲ ಓದಿದ ಮೇಲೂ ನನ್ನನ್ನು ಕಾಡಿದ್ದು ಅವನ ಮನೆ: ಹೆಂಡತಿ, ಮಕ್ಕಳು, ಅಕ್ಕನ ಸಂಸಾರ. ಆ ಮನೆಯ ಜಾಡು ಹಿಡಿದು, ಸೆರೆಯಾಳು ದಕ್ಷಿಣಕ್ಕೆ ಹೋದ ದಾರಿಯಲ್ಲೇ ನಾನೂ ಹೊರಟೆ.

ರಾಜ ಒಂದನೆಯ ಚಾರ್ಲ್ಸ್ ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕವನ್ನು ಹೇರಹೊರಟಾಗ, 1638ರಲ್ಲಿ ಊರಿಗೆ ಊರೇ ಸಹಿ ಹಾಕಿದ ಧರ್ಮಪ್ರತಿಜ್ಞೆಯೇ ಕವೆನೆಂಟ್. ಮಾಂಟ್ರೋಸ್ ಅದಕ್ಕೆ ಮೊದಮೊದಲು ಸಹಿ ಹಾಕಿದವರಲ್ಲೊಬ್ಬ. ಆ ಪಕ್ಷದ ಹಿಡಿತವೆಲ್ಲ ಆರ್ಗೈಲ್ ಎಂಬ ಪ್ರಬಲ ಪ್ರಭುವಿನ ಕೈಗೆ ಹೋಗುತ್ತಿದೆ ಎನ್ನಿಸಿದಾಗ ರಾಜನ ಕಡೆಗೆ ಬಂದ. 1644ರ ಸೆಪ್ಟೆಂಬರಿನಿಂದ ಮರುವರ್ಷದ ಆಗಸ್ಟ್‌ವರೆಗೆ ಒಂದೂ ದೊಡ್ಡ ಕಾಳಗ ಸೋಲಲಿಲ್ಲ. ಆದರೆ ಅಬರ್ಡೀನ್ ಪಟ್ಟಣವನ್ನು ತನ್ನ ಸೈನಿಕರು ಸೂರೆಮಾಡಿ ನಿರಾಯುಧರನ್ನು ಕೊಲ್ಲುವಾಗ ಅವನು ತಡೆಯಲಿಲ್ಲ. ಅವನ ಬಗ್ಗೆ ಎಷ್ಟೇ ಮರುಕವಿದ್ದರೂ ಅದೊಂದನ್ನು ನಾನು ಕ್ಷಮಿಸಲಾರೆ.

ಇನ್ವರ್ನೆಸ್ಸಿನಿಂದ ಅಬರ್ಡೀನಿಗೆ ಹೋಗುವ ರೈಲು ಎಲ್ಗಿನ್ ಬಿಟ್ಟ ಮೇಲೆ ಸ್ಪೇ ನದಿಯನ್ನು ದಾಟುತ್ತದೆ. ಆ ಸೇತುವೆಗಾಗಿ ನಾನು ಕಿಟಕಿಗೆ ಮುಖವೊತ್ತಿ ಕಾದಿದ್ದೆ. ಇದೇ ನದಿ ಮುಂದೆ ಕಡಲು ಸೇರುವ ಕಡೆ, ಗಾರ್ಡನ್ ಮನೆತನದ ಕೋಟೆಯಲ್ಲಿ, 1645ರ ಮಾರ್ಚಿನಲ್ಲಿ ಮಾಂಟ್ರೋಸ್‌ನ ಹಿರಿಯ ಮಗ ಜಾನ್ ತೀರಿಕೊಂಡ. ಹದಿನೈದರ ಆಸುಪಾಸಿನ ಹುಡುಗ. ಫೆಬ್ರವರಿ 2ರ ಇನ್ವರ್ಲಾಕಿ ಕಾಳಗಕ್ಕೆ ಮೊದಲು ಅಪ್ಪ ಹಿಮ ತುಂಬಿದ ಬೆಟ್ಟಗಳ ಮೇಲೆ ಸೇನೆಯನ್ನು ನಡೆಸಿದ್ದನ್ನು ಸೇನಾ ಇತಿಹಾಸಕಾರರು ಇಂದಿಗೂ ಕೊಂಡಾಡುತ್ತಾರೆ. ಆ ಚಳಿಗಾಲವನ್ನೆಲ್ಲ ಸೇನೆಯೊಂದಿಗೇ ಕಳೆದ ಮಗನ ಮೈ ಮಾತ್ರ ತಾಳಲಿಲ್ಲ. ಅವನನ್ನು ಬೆಲಿ ಎಂಬಲ್ಲಿ ಮಣ್ಣುಮಾಡಿ ಅಪ್ಪ ಮತ್ತೆ ಯುದ್ಧಕ್ಕೆ ನಡೆದ. ಸ್ವಲ್ಪದರಲ್ಲೇ ಎರಡನೆಯ ಮಗ ಜೇಮ್ಸ್‌ನನ್ನು, ಮಾಂಟ್ರೋಸ್ ಪಟ್ಟಣದಲ್ಲಿ ಪಾಠ ಕಲಿಯುತ್ತಿದ್ದ ಹುಡುಗನನ್ನು, ಕವೆನೆಂಟಿನವರು ಹಿಡಿದು ಎಡಿನ್‌ಬರೋ ಕೋಟೆಗೆ ಒಯ್ದರು. ಸೇತುವೆ ದಾಟಲು ಕೆಲವೇ ಕ್ಷಣ ಸಾಕು. ನೀರು ಕಂದುಬಣ್ಣದ್ದು, ರಭಸದ್ದು.

ಮಾಂಟ್ರೋಸ್ ಪಟ್ಟಣದ ನಿಲ್ದಾಣದಲ್ಲಿ ಇಳಿದಾಗ ಕಡಲು ಇಳಿದಿತ್ತು. ನಿಲ್ದಾಣದ ಹಿಂದೆ ವಿಶಾಲವಾದ ಹಿನ್ನೀರು. ಇಳಿತದಲ್ಲಿ ಅದು ಬರೀ ಕೆಸರಿನ ಬಯಲು, ಅದರ ತುಂಬ ಹಕ್ಕಿಗಳು. ಬ್ರೆಕಿನ್ ಕಡೆಗೆ ಸ್ವಲ್ಪ ದೂರ ವಾಹನದಲ್ಲಿ ಹೋಗಿ, ಉಳಿದದ್ದನ್ನು ನಡೆದೆ. ಕಿನೇರ್ಡ್ ಕೋಟೆ ಇಂದಿಗೂ ಖಾಸಗಿ ಮನೆ. ಜಿಂಕೆಗಳ ಉದ್ಯಾನದ ಕಲ್ಲುಗೋಡೆಯ ಈಚೆ ನಿಂತೇ ನೋಡಿದೆ.

1629ರಲ್ಲಿ ಈ ಮನೆಯ ಮಗಳು ಮ್ಯಾಗ್ಡಲೀನ್ ಕಾರ್ನಗಿಯನ್ನು ಮಾಂಟ್ರೋಸ್ ಮದುವೆಯಾದ. ವರನಿಗೆ ಹದಿನೇಳು. ಆ ವರ್ಷವೇ ಚಿತ್ರಕಾರ ಜಾರ್ಜ್ ಜೇಮ್ಸನ್ ಬರೆದ ಅವನ ಭಾವಚಿತ್ರ ಉಳಿದಿದೆ, ಮೀಸೆ ಸರಿಯಾಗಿ ಮೂಡದ ಮುಖ. ಮದುವೆಯಾದ ಮೇಲೆ ಕೆಲವು ವರ್ಷ ಅವನು ಇಲ್ಲೇ, ಮಾವನ ಮನೆಯಲ್ಲೇ ಇದ್ದ. ಮ್ಯಾಗ್ಡಲೀನಳ ಬಗ್ಗೆ ಚರಿತ್ರೆ ತೀರ ಕಡಿಮೆ ಮಾತಾಡುತ್ತದೆ. ಒಬ್ಬ ಮಗ ದಂಡಿನಲ್ಲಿ ಸತ್ತ, ಇನ್ನೊಬ್ಬ ಸೆರೆಮನೆ ಸೇರಿದ. ಗಂಡ ಒಂದು ಪಕ್ಷ, ತಂದೆ ಒಲಿದದ್ದು ಇನ್ನೊಂದಕ್ಕೆ. ಅಂತಃಕಲಹ ಎಂಬ ಮಾತಿನ ಅರ್ಥ ಅವಳಷ್ಟು ಯಾರಿಗೆ ಗೊತ್ತಿದ್ದೀತು?

1650ರ ಮೇ ತಿಂಗಳಲ್ಲಿ ಸೆರೆಯಾಳನ್ನು ಈ ಮನೆಯ ಬಾಗಿಲಿಗೆ ಕರೆತಂದರು. ಉತ್ತರದಲ್ಲಿ ಅವನನ್ನು ಕಣ್ಣಾರೆ ಕಂಡ ಪಾದ್ರಿ ಜೇಮ್ಸ್ ಫ್ರೇಸರ್ ಬರೆದಿಟ್ಟಿದ್ದಾನೆ: ಜ್ವರದ ಮೈ, ಗುಜ್ಜು ಕುದುರೆ, ಜೀನಿನ ಬದಲು ಚಿಂದಿ ಮತ್ತು ಹುಲ್ಲು, ಕುದುರೆಯ ಹೊಟ್ಟೆಯಡಿ ಕಟ್ಟಿದ ಕಾಲುಗಳು. ಆ ಸ್ಥಿತಿಯಲ್ಲಿ ಅವನಿಗೆ ಇಲ್ಲಿದ್ದ ಕಿರಿಯ ಮಕ್ಕಳನ್ನು ನೋಡಲು ಅನುಮತಿ ಸಿಕ್ಕಿತು. ಏನು ಮಾತಾಡಿದರೋ. ಗೋಡೆಯಾಚೆ ಜಿಂಕೆಯೊಂದು ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿತು. ನಾನು ಬಹಳ ಹೊತ್ತು ಅಲ್ಲೇ ಇದ್ದೆ.

ಎಡಿನ್‌ಬರೋದಲ್ಲಿ ಅವನ ಕೊನೆಯ ದಿನಗಳ ಗುರುತುಗಳೆಲ್ಲ ಒಂದೇ ಬೀದಿಯಲ್ಲಿವೆ. ಮೇ 18ರಂದು ಅವನನ್ನು ನೇಣುಗಾರನ ಬಂಡಿಗೆ ಕಟ್ಟಿ ಮೆರವಣಿಗೆ ಮಾಡಿದರು. ಆರ್ಗೈಲ್ ಅದನ್ನು ನೋಡಿದ ಮೊರೇ ಹೌಸ್ ಇನ್ನೂ ನಿಂತಿದೆ. ಆಗ ಆ ಮನೆಯಲ್ಲಿ ಆರ್ಗೈಲ್‌ನ ಮಗನ ಮದುವೆಯ ಸಂಭ್ರಮ. ಮೇ 21ರಂದು ಮರ್ಕಟ್ ಕ್ರಾಸ್ ಎಂಬ ಸಂತೆಗಂಬದ ಬಳಿ ಮಾಂಟ್ರೋಸ್‌ನನ್ನು ಗಲ್ಲಿಗೇರಿಸಿದರು. ವಯಸ್ಸು 37. ಕೈಕಾಲುಗಳನ್ನು ನಾಲ್ಕು ಊರುಗಳಿಗೆ ಹಂಚಿ, ತಲೆಯನ್ನು ಟಾಲ್‌ಬೂತ್ ಬಂದೀಖಾನೆಯ ಶೂಲಕ್ಕೆ ಸಿಕ್ಕಿಸಿದರು. ಹನ್ನೊಂದು ವರ್ಷ ಅದು ಅಲ್ಲೇ ಇತ್ತು. 1661ರಲ್ಲಿ ಅದನ್ನು ಗೌರವದಿಂದ ಇಳಿಸಿದರು. ಅದೇ ವರ್ಷ ಅದೇ ಶೂಲಕ್ಕೆ ಆರ್ಗೈಲ್‌ನ ತಲೆ ಏರಿತು. ಈಗ ಸೇಂಟ್ ಜೈಲ್ಸ್ ಚರ್ಚಿನ ಒಂದು ಪಕ್ಕದಲ್ಲಿ ಒಬ್ಬನ ಅಮೃತಶಿಲೆಯ ಪ್ರತಿಮೆ, ಇನ್ನೊಂದು ಪಕ್ಕದಲ್ಲಿ ಇನ್ನೊಬ್ಬನದು. ಎರಡರ ನಡುವೆ ಪ್ರವಾಸಿಗರು ಫೋಟೋ ತೆಗೆಯುತ್ತ ಓಡಾಡುತ್ತಾರೆ.

ಮುಂಡವನ್ನು ಊರಾಚೆಯ ಬರೋ ಮ್ಯೂರ್ ಎಂಬ ಬಯಲಿನಲ್ಲಿ ಹೂತಿದ್ದರು. ಅದಕ್ಕೆ ಕೂಗಳತೆಯ ದೂರದಲ್ಲಿ ಮರ್ಚಿಸ್ಟನ್ ಗೋಪುರ, ನೇಪಿಯರ್ ಮನೆತನದ ಮನೆ. ಇಂದು ಅದರ ಸುತ್ತ ವಿಶ್ವವಿದ್ಯಾಲಯ. ನಮ್ಮ ಹೈಸ್ಕೂಲಿನ ಲಾಗರಿದಮ್ ಕೋಷ್ಟಕವನ್ನು ಜಗತ್ತಿಗೆ ಕೊಟ್ಟ ಜಾನ್ ನೇಪಿಯರ್ ಹುಟ್ಟಿದ್ದು ಇಲ್ಲೇ. ಅವನ ಮಗ ಆರ್ಚಿಬಾಲ್ಡ್‌ಗೆ ಮಾಂಟ್ರೋಸ್‌ನ ಅಕ್ಕ ಮಾರ್ಗರೆಟ್‌ಳನ್ನು ಕೊಟ್ಟಿತ್ತು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಮಾಂಟ್ರೋಸ್‌ಗೆ ಈ ಭಾವನೇ ದಿಕ್ಕಾಗಿದ್ದ. ಅದಕ್ಕಾಗಿ ಆ ಮುದುಕನೂ ಅವನ ಸೊಸೆ ಎಲಿಜಬೆತ್ ಅರ್ಸ್ಕಿನ್‌ಳೂ ಸೆರೆಮನೆ ಕಂಡರು. ಗಲ್ಲಿಗೇರಿಸಿದ ಮೇಲೆ ಜನ ಕಳಿಸಿ, ಬಯಲಲ್ಲಿ ಹೂತ ಮುಂಡದಿಂದ ಹೃದಯವನ್ನು ತೆಗೆಸಿ ತಂದು ಕಾಪಿಟ್ಟವಳು ಈ ಎಲಿಜಬೆತ್.

ಆ ಹೃದಯದ ಮುಂದಿನ ಕಥೆಯನ್ನು ಸಿಲೋನಿನ ಮುಖ್ಯ ನ್ಯಾಯಾಧೀಶನಾಗಿದ್ದ ಅಲೆಕ್ಸಾಂಡರ್ ಜಾನ್‌ಸ್ಟನ್ 1836ರ ಪತ್ರವೊಂದರಲ್ಲಿ ಹೇಳಿದ್ದಾನೆ. ಅವನ ತಾಯಿ ಹೆಸ್ಟರ್ ನೇಪಿಯರ್ ಮನೆಯ ಮಗಳು. ಗಂಡನ ಜೊತೆ ಮದುರೈಗೆ ಬಂದಾಗ ಹೃದಯದ ಭರಣಿಯನ್ನೂ ತಂದಳು. ಅದರಲ್ಲೇನೋ ಮಂತ್ರಶಕ್ತಿ ಇದೆಯೆಂದು ಸುದ್ದಿ ಹಬ್ಬಿ, ಯಾರೋ ಕದ್ದು ಒಬ್ಬ ಪಾಳೇಗಾರನಿಗೆ ಮಾರಿದರು. ಬೇಟೆಯಲ್ಲಿ ಅವನ ಸ್ನೇಹ ಗಳಿಸಿದ ಬಾಲಕ ಅಲೆಕ್ಸಾಂಡರ್ ಅದನ್ನು ಕೇಳಿ ಮರಳಿ ಪಡೆದ. ಮುಂದೆ ನವಾಬನ ವಿರುದ್ಧ ಎದ್ದು ಸಿಕ್ಕಿಬಿದ್ದ ಆ ಪಾಳೇಗಾರ, ಸಾಯುವ ಮುನ್ನ ತನ್ನ ಹೃದಯವನ್ನೂ ಬೇಕಾದವರು ಹಾಗೆಯೇ ಕಾಪಾಡಲಿ ಎಂದು ಬಯಸಿದನಂತೆ. ಇದೇ ಹೆಸ್ಟರ್ ಮದುರೈಗೆ ಕರೆಸಿಕೊಂಡ ಕಾಲಿನ್ ಮೆಕೆಂಜಿಯೇ ಮುಂದೆ ಮೈಸೂರು ಸೀಮೆಯನ್ನು ಅಳೆದು, ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿದವನು. ಭರಣಿ 1792ರಲ್ಲಿ, ಕ್ರಾಂತಿಯ ಗಲಭೆಯಲ್ಲಿದ್ದ ಫ್ರಾನ್ಸಿನಲ್ಲಿ ಕಳೆದುಹೋಯಿತು.

ಊಟ ಮುಗಿಸಿ ಮರ್ಚಿಸ್ಟನ್‌ನಿಂದ ಬ್ರಂಟ್ಸ್‌ಫೀಲ್ಡ್ ಹುಲ್ಲುಬಯಲಿನ ಕಡೆ ನಡೆದೆ; ಹಳೆಯ ಬರೋ ಮ್ಯೂರ್‌ನಲ್ಲಿ ಉಳಿದ ತುಂಡು ಅದು. ಗಂಟೆ ಹತ್ತಾಗುತ್ತ ಬಂದರೂ ಆಕಾಶದಲ್ಲಿ ಬೆಳಕಿತ್ತು. ಹುಡುಗರು ಚೆಂಡಾಡುತ್ತಿದ್ದರು. ಎಲಿಜಬೆತ್ ಕಳಿಸಿದ ಜನ ಗುದ್ದಲಿ ಹಿಡಿದು ಇಲ್ಲೆಲ್ಲೋ ಮರೆಯಲ್ಲಿ ಕುಳಿತು, ಇಂಥದೇ ಮೇ ತಿಂಗಳ ಕೊನೆಯಿಲ್ಲದ ಸಂಜೆ ಕಪ್ಪಾಗುವುದನ್ನೇ ಕಾದಿರಬೇಕು. ನಾನೂ ಒಂದು ಬೆಂಚಿನ ಮೇಲೆ ಕುಳಿತೆ. ಕತ್ತಲಾಗುವಷ್ಟರಲ್ಲಿ ಹುಡುಗರೆಲ್ಲ ಮನೆಗೆ ಹೋಗಿದ್ದರು.