ಟೆಸ್ಲಾನ ಪೆಟ್ಟಿಗೆಯೂ ಅಣುಬಾಂಬೂ

ನಿಕೋಲಾ ಟೆಸ್ಲಾ ತೀರಿಕೊಂಡದ್ದು 1943ರ ಜನವರಿ 7ರಂದು, ನ್ಯೂಯಾರ್ಕಿನ ಹೋಟೆಲೊಂದರ 33ನೆಯ ಮಹಡಿಯ 3327ನೆಯ ಕೋಣೆಯಲ್ಲಿ. ಆಗ ಅವನಿಗೆ 86 ವರ್ಷ. ಮದುವೆಯಾಗಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅವನ ಒಡನಾಟ ಬಹುಮಟ್ಟಿಗೆ ನಗರದ ಪಾರಿವಾಳಗಳೊಂದಿಗೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಅಮೆರಿಕದ ಸರ್ಕಾರ ಅವನ ಕಾಗದಪತ್ರಗಳನ್ನು ವಶಪಡಿಸಿಕೊಂಡಿತು. ಹಾಗೆ ವಶಪಡಿಸಿಕೊಂಡದ್ದು ಅನ್ಯದೇಶೀಯರ ಆಸ್ತಿಯನ್ನು ನೋಡಿಕೊಳ್ಳುವ ಇಲಾಖೆ. ಟೆಸ್ಲಾನಾದರೋ 1891ರಲ್ಲಿಯೇ ಅಮೆರಿಕದ ಪೌರತ್ವ ಪಡೆದಿದ್ದವನು. ಸಂಶಯ ಮೊಳೆಯುವುದಕ್ಕೆ ಇಷ್ಟು ತೇವ ಸಾಕು.

ಕಾಗದಪತ್ರಗಳ ಮೇಲೆ ಸರ್ಕಾರಕ್ಕೆ ಕಣ್ಣು ಬೀಳಲು ಟೆಸ್ಲಾನೇ ಕಾರಣನಾಗಿದ್ದ. 1934ರ ಜುಲೈಯಲ್ಲಿ, ತನ್ನ 78ನೆಯ ಹುಟ್ಟುಹಬ್ಬದ ಹೊತ್ತಿಗೆ, ಅವನು ಪತ್ರಕರ್ತರಿಗೆ ಒಂದು ಹೊಸ ಆಯುಧದ ವಿಷಯ ತಿಳಿಸಿದ್ದ. ಸೂಕ್ಷ್ಮ ಕಣಗಳ ಧಾರೆಯೊಂದನ್ನು ಅತಿಶಯ ವೇಗದಲ್ಲಿ ಚಿಮ್ಮಿಸಿ 250 ಮೈಲಿ ದೂರದಲ್ಲಿರುವ 10,000 ವಿಮಾನಗಳನ್ನು ಉರುಳಿಸಬಹುದೆಂದು ಅವನ ಹೇಳಿಕೆ. ಪತ್ರಿಕೆಗಳು ಇದನ್ನು ಮೃತ್ಯುಕಿರಣವೆಂದು ಕರೆದವು. ಅಂಥ ಯಂತ್ರವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ನ್ಯೂಯಾರ್ಕಿನ ಇನ್ನೊಂದು ಹೋಟೆಲಿನಲ್ಲಿ, ತೀರಿಸಲಾಗದ ಬಾಕಿಗೆ ಅಡವಾಗಿ, ಟೆಸ್ಲಾ ಒಂದು ಪೆಟ್ಟಿಗೆಯನ್ನು ಇಟ್ಟಿದ್ದ. ಅದರೊಳಗೆ ರಹಸ್ಯ ಆಯುಧವಿದೆ, ತಿಳಿಯದವರು ತೆರೆದರೆ ಸಿಡಿಯುತ್ತದೆ ಎಂದು ಹೋಟೆಲಿನವರಿಗೆ ಹೇಳಿದ್ದ.

ಅವನು ಸತ್ತ ಮೇಲೆ ಆ ಪೆಟ್ಟಿಗೆಯನ್ನು ತೆರೆಯುವ ಸರದಿ ಜಾನ್ ಟ್ರಂಪ್ ಎಂಬ ಪ್ರಾಧ್ಯಾಪಕನಿಗೆ ಬಂತು. ಈತ ಎಂಐಟಿಯ ವಿದ್ಯುತ್ ವಿಭಾಗದವನು, ಅಧಿಕ ವೋಲ್ಟೇಜಿನ ಯಂತ್ರಗಳಲ್ಲಿ ಪರಿಣತ. (ಮುಂದೆ ಅಮೆರಿಕದ ಅಧ್ಯಕ್ಷನಾದ ಡೊನಾಲ್ಡ್ ಟ್ರಂಪನಿಗೆ ಚಿಕ್ಕಪ್ಪ. ಕಥೆ ಕಟ್ಟುವವರಿಗೆ ಇದು ಸಕ್ಕರೆಯಂಥ ವಿಷಯ.) ಹೋಟೆಲಿನ ಸಿಬ್ಬಂದಿ ದೂರ ಸರಿದರು. ಅವನೂ ಕ್ಷಣಕಾಲ ಹಿಂಜರಿದನಂತೆ. ಒಳಗಿದ್ದದ್ದು ವಿದ್ಯುತ್ ರೋಧವನ್ನು ಅಳೆಯಲು ಪ್ರಯೋಗಶಾಲೆಗಳಲ್ಲಿ ಬಳಸುತ್ತಿದ್ದ ಒಂದು ಹಳೆಯ ಉಪಕರಣ. ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಕಪಾಟಿನಲ್ಲಿಯೂ ಅದರ ಜಾತಿಯದೊಂದು ಧೂಳು ಹಿಡಿದು ಕೂತಿದೆ. ಉಳಿದ ಕಾಗದಗಳನ್ನು ಪರಿಶೀಲಿಸಿ ಟ್ರಂಪ್ ಕೊಟ್ಟ ವರದಿಯ ಸಾರ ಇಷ್ಟು: ಅವು ಬಹುತೇಕ ಊಹಾತ್ಮಕ, ತಾತ್ತ್ವಿಕ ಬರಹಗಳು, ಕಾರ್ಯಸಾಧ್ಯವಾದ ಹೊಸ ತತ್ತ್ವವೇನೂ ಅವುಗಳಲ್ಲಿ ಇಲ್ಲ. ಟೆಸ್ಲಾನ ಸಂಗ್ರಹ 1950ರ ದಶಕದ ಆರಂಭದಲ್ಲಿ ಬೆಲ್‌ಗ್ರೇಡಿಗೆ ಹೋಯಿತು. ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ಈ ಇತಿಹಾಸವನ್ನು ನಾನು ಓದಬೇಕಾಗಿ ಬಂದದ್ದು ಒಂದು ಮುನ್ನುಡಿಯ ನಿಮಿತ್ತದಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಪ್ರೌಢಶಾಲೆಯ ಅಧ್ಯಾಪಕ. ಮಕ್ಕಳಿಗಾಗಿ ಕನ್ನಡದಲ್ಲಿ ಟೆಸ್ಲಾನ ಜೀವನಚರಿತ್ರೆ ಬರೆದು, ನಾನು ನಾಲ್ಕು ಮಾತು ಬರೆಯಬೇಕೆಂದು ಹಸ್ತಪ್ರತಿ ತಂದುಕೊಟ್ಟ. ಮೊದಲ ಅಧ್ಯಾಯಗಳನ್ನು ನಾನು ನಿಜವಾದ ಸಂತೋಷದಿಂದ ಓದಿದೆ. ಟೆಸ್ಲಾನ ತಾಯಿಗೆ ಓದುಬರಹ ಬರುತ್ತಿರಲಿಲ್ಲ. ಸೆರ್ಬಿಯದ ವೀರಗೀತೆಗಳು ಮಾತ್ರ ನಾಲಗೆಯ ತುದಿಯಲ್ಲಿದ್ದುವು. ಮನೆಗೆಲಸದ ಸಲಕರಣೆಗಳನ್ನು ತಾನೇ ಕಲ್ಪಿಸಿ ಮಾಡಿಕೊಳ್ಳುತ್ತಿದ್ದಳು. ಸುತ್ತುವ ಕಾಂತಕ್ಷೇತ್ರದ ಕಲ್ಪನೆ ಅವನಿಗೆ ಹೊಳೆದದ್ದು 1882ರಲ್ಲಿ ಬುಡಾಪೆಸ್ಟಿನ ಉದ್ಯಾನದಲ್ಲಿ, ಗೆಯಟೆಯ ‘ಫೌಸ್ಟ್’ ಕಾವ್ಯವನ್ನು ಬಾಯಿಪಾಠವಾಗಿ ಹೇಳುತ್ತ ನಡೆಯುವಾಗ ಎಂದು ಅವನೇ ನೆನೆದಿದ್ದಾನೆ. ಕನ್ನಡ ಮೇಷ್ಟರೊಬ್ಬನ ಮನಸ್ಸು ಗೆಲ್ಲಲು ಇಷ್ಟು ಸಾಲದೆ?

ಆದರೆ ಕೊನೆಯ ಅಧ್ಯಾಯ ಬೇರೆ ದಾರಿ ಹಿಡಿದಿತ್ತು. 1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕದಲ್ಲಿ ಕಾಡಿಗೆ ಕಾಡೇ ನೆಲಕ್ಕೊರಗಿದ್ದು ಟೆಸ್ಲಾನ ಗೋಪುರದ ಪ್ರಯೋಗದಿಂದ. ಅವನ ಮೃತ್ಯುಕಿರಣವೇ ಅಣುಬಾಂಬಿನ ಬೀಜ. ಸತ್ತ ರಾತ್ರಿಯೇ ಕೋಣೆಯಿಂದ ಕದ್ದೊಯ್ದ ಕಾಗದಗಳಿಂದ ಹಿರೋಶಿಮಾದ ಬಾಂಬು ತಯಾರಾಯಿತು. 1943ರ ಅಕ್ಟೋಬರಿನಲ್ಲಿ ಐನ್‌ಸ್ಟೈನ್ ಮತ್ತು ಟೆಸ್ಲಾ ಸೇರಿ ಯುದ್ಧನೌಕೆಯೊಂದನ್ನು ಅದೃಶ್ಯಗೊಳಿಸಿದರು. ಮೊಬೈಲಿನಲ್ಲಿ ಸುತ್ತುವ ವಿಡಿಯೋಗಳಲ್ಲಿ ಇವೆಲ್ಲ ನೀವೂ ಕಂಡಿರಬಹುದಾದ ಸಂಗತಿಗಳೇ.

ಹಳಗನ್ನಡ ಪಾಠ ಹೇಳುವವರಿಗೆ ಕಾಲನಿರ್ಣಯ ರೂಢಿಯ ಕೆಲಸ. ಒಬ್ಬ ಕವಿ ತನಗಿಂತ ಹಿಂದಿನವರನ್ನು ಸ್ಮರಿಸಬಲ್ಲ, ಮುಂದಿನವರನ್ನು ಸ್ಮರಿಸಲಾರ. ಈ ಒಂದು ಸರಳ ಸೂತ್ರದಿಂದಲೇ ಎಷ್ಟೋ ವಿವಾದಗಳು ಬಗೆಹರಿದಿವೆ. ಹಸ್ತಪ್ರತಿಯ ಅಂಚಿನಲ್ಲಿ ನಾನು ಬರೆದದ್ದೂ ತಾರೀಖುಗಳನ್ನೇ. ನೌಕೆ ಅದೃಶ್ಯವಾಯಿತೆನ್ನುವ ಅಕ್ಟೋಬರಿಗೆ ಟೆಸ್ಲಾ ಸತ್ತು ಒಂಬತ್ತು ತಿಂಗಳಾಗಿತ್ತು. ತುಂಗುಸ್ಕದ ಸ್ಫೋಟಕ್ಕೆ ಮೊದಲೇ ಹಣವಿಲ್ಲದೆ ಅವನ ವಾರ್ಡನ್‌ಕ್ಲಿಫ್ ಗೋಪುರದ ಕೆಲಸ ನಿಂತುಹೋಗಿತ್ತು. 1917ರಲ್ಲಿ ಸಾಲಕ್ಕಾಗಿ ಅದನ್ನು ಕೆಡವಿದರು. ಷಿಕಾಗೋದಲ್ಲಿ ಫರ್ಮಿಯ ತಂಡ ಯುರೇನಿಯಮಿನ ಸರಪಳಿ ಕ್ರಿಯೆಯನ್ನು ಸಾಧಿಸಿದ್ದು 1942ರ ಡಿಸೆಂಬರ್ 2ರಂದು. ಟೆಸ್ಲಾ ಆಗ ಇನ್ನೂ ಬದುಕಿದ್ದ, ಕಾಗದಗಳು ಅವನ ಕೋಣೆಯಲ್ಲಿಯೇ ಇದ್ದುವು.

ಎಲ್ಲಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಪರಮಾಣುವಿನಿಂದ ಶಕ್ತಿ ಪಡೆಯಬಹುದೆಂಬುದನ್ನು ಟೆಸ್ಲಾ ಒಪ್ಪುತ್ತಲೇ ಇರಲಿಲ್ಲ. ಅದು ಬರಿಯ ಭ್ರಮೆ, ದ್ರವ್ಯದೊಳಗೆ ಹೊರಗಿನಿಂದ ಬಂದ ಶಕ್ತಿಯಲ್ಲದೆ ಬೇರೆ ಶಕ್ತಿಯಿಲ್ಲ ಎಂದು ದಶಕಗಳ ಕಾಲ ವಾದಿಸಿದ. ಐನ್‌ಸ್ಟೈನನ ಸಾಪೇಕ್ಷತೆಯನ್ನೂ ಅವನು ಒಪ್ಪಲಿಲ್ಲ. ಒಂದು ವಿದ್ಯೆಯನ್ನು ಬದುಕಿನುದ್ದಕ್ಕೂ ಅಲ್ಲಗಳೆದವನನ್ನು ಆ ವಿದ್ಯೆಯ ಜನಕನನ್ನಾಗಿ ಮಾಡುವುದು ಗೌರವವೋ ಅಪಚಾರವೋ ನಾನರಿಯೆ. ಚಾರ್ವಾಕನೊಬ್ಬನಿಗೆ ಮೋಕ್ಷಶಾಸ್ತ್ರದ ಕರ್ತೃತ್ವ ಕಟ್ಟಿದ ಹಾಗೆ.

ನನ್ನ ವಿದ್ಯಾರ್ಥಿ ಮುಗ್ಧನೂ ಅಲ್ಲ, ಸೋಮಾರಿಯೂ ಅಲ್ಲ. ಟಿಪ್ಪಣಿಗಳನ್ನೆಲ್ಲ ಓದಿಕೊಂಡು ಬಂದು ಎದುರು ಕುಳಿತು ಕೇಳಿದ: “ಸರ್, ಮುಚ್ಚಿಟ್ಟಿದ್ದು ಸುಳ್ಳೇ? ಕಾಗದ ಹಿಡಿದುಕೊಂಡದ್ದು ಸುಳ್ಳೇ?” ಅವನ ಮಾತಿನಲ್ಲಿ ಹುರುಳಿತ್ತು. ಗುಟ್ಟು ಇದ್ದದ್ದು ನಿಜ. ಅಣುಬಾಂಬಿನ ಯೋಜನೆಯಲ್ಲಿ ಒಂದು ಹಂತದಲ್ಲಿ ಸುಮಾರು 1,25,000 ಮಂದಿ ದುಡಿಯುತ್ತಿದ್ದರು. ಟೆನೆಸಿಯ ಓಕ್ ರಿಡ್ಜ್ ಎಂಬ ಇಡೀ ಊರು ಭೂಪಟದಲ್ಲಿ ಇರಲಿಲ್ಲ. ಅಲ್ಲಿ ಶಾಲೆ ಮುಗಿಸಿ ಬಂದ ಹೆಣ್ಣುಮಕ್ಕಳು ಪಾಳಿಯ ಮೇಲೆ ಕುಳಿತು ಯಂತ್ರದ ಮುಳ್ಳುಗಳನ್ನು ಸರಿಹೊಂದಿಸುತ್ತಿದ್ದರು. ತಾವು ಬೇರ್ಪಡಿಸುತ್ತಿರುವುದು ಯುರೇನಿಯಮ್ ಎಂಬುದು ಅವರಿಗೆ ತಿಳಿದದ್ದು ಹಿರೋಶಿಮಾದ ಸುದ್ದಿ ಬಂದ ಮೇಲೆ. ಉಪಾಧ್ಯಕ್ಷನಾಗಿದ್ದ ಟ್ರೂಮನ್ನನಿಗೆ ಸಹ ಯೋಜನೆಯ ಪೂರ್ಣ ವಿವರ ಗೊತ್ತಾದದ್ದು 1945ರ ಏಪ್ರಿಲಿನಲ್ಲಿ, ಅಧ್ಯಕ್ಷ ಪದವಿಗೆ ಏರಿದ ಮೇಲೆಯೇ. ಇಷ್ಟನ್ನು ಮುಚ್ಚಿಟ್ಟವರು ಇನ್ನೇನನ್ನು ಮುಚ್ಚಿಟ್ಟಿರಬಹುದು ಎಂದು ಯೋಚಿಸುವವನನ್ನು ಮೂರ್ಖನೆಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಮುಚ್ಚಿಟ್ಟದ್ದು ಬಾಂಬನ್ನು ಮಾಡುವ ಕೆಲಸವನ್ನು. ಅದರ ಮೂಲತತ್ತ್ವವನ್ನು ಯಾರೂ ಯಾರಿಂದಲೂ ಕದಿಯಬೇಕಾಗಿರಲಿಲ್ಲ. ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ 1938ರ ಡಿಸೆಂಬರಿನಲ್ಲಿ ಕಂಡುಕೊಂಡದ್ದು ಮರುತಿಂಗಳೇ ಅಚ್ಚಾಯಿತು. ಅದು ಯುರೇನಿಯಮಿನ ನ್ಯೂಕ್ಲಿಯಸ್ಸು ಒಡೆಯುವ ಕ್ರಿಯೆಯೆಂಬುದನ್ನು ಸ್ವೀಡನ್ನಿನ ಹಿಮದಲ್ಲಿ ನಡೆಯುತ್ತ ಲೆಕ್ಕ ಹಾಕಿದವರು ಲೀಸೆ ಮೈಟ್ನರ್ ಮತ್ತು ಆಕೆಯ ಸೋದರಳಿಯ ಓಟೋ ಫ್ರಿಶ್. ಅವರ ಬರಹ 1939ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಗ್ರಂಥಾಲಯಕ್ಕೆ ಹೋಗಬಲ್ಲ ಯಾರೂ ಓದಬಹುದಾಗಿತ್ತು.

“ಇಷ್ಟೊಂದು ಹೆಸರು ಹೇಳಿದರೆ ಮಕ್ಕಳು ನೆನಪಿಟ್ಟುಕೊಳ್ಳುತ್ತಾರೆಯೆ ಸರ್? ಒಬ್ಬ ನಾಯಕ ಬೇಕಲ್ಲ” ಎಂದ ಅವನು. ಅಲ್ಲಿಗೆ ವಿಷಯ ನಮ್ಮ ಹಿತ್ತಲಿಗೆ ಬಂದಿತ್ತು. ಕರ್ನಾಟಕದ ಶಿಲ್ಪವೈಭವಕ್ಕೆಲ್ಲ ನಾವು ಒಬ್ಬನೇ ನಾಯಕನನ್ನು ಕೊಟ್ಟಿದ್ದೇವೆ, ಜಕಣಾಚಾರಿ. ಕಲ್ಯಾಣದ ಚಾಲುಕ್ಯರ ಗುಡಿಗಳೂ ಅವನವೇ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರೂ ಅವನದೇ, ಅದಾದ ಒಂದೂವರೆ ಶತಮಾನಕ್ಕೆ ಬಂದ ಸೋಮನಾಥಪುರವೂ ಅವನದೇ. ಕಲ್ಲಿನೊಳಗಿನ ಕಪ್ಪೆಯ ಕಥೆ ಸೊಗಸಾಗಿದೆ. ನಾನೂ ತರಗತಿಯಲ್ಲಿ ಹೇಳುತ್ತೇನೆ. ಅದೇ ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬಿರುದುಗಳ ಸಮೇತ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವಾರು ಕಡೆ ಇದೆ. ಕಲ್ಲಿನಲ್ಲಿಯೇ ಸಹಿ ಹಾಕಿದವರನ್ನು ಪ್ರವಾಸಿಗರು ಓದದೆ ದಾಟಿಹೋಗುತ್ತಾರೆ. ಜಾನಪದದಲ್ಲಿ ಇದು ಸಹಜ, ಯಾರಿಗೂ ಹಾನಿಯಿಲ್ಲ. ಶಾಲೆಯ ಮಕ್ಕಳಿಗೆ ಚರಿತ್ರೆಯೆಂದು ಕೊಡುವ ಪುಸ್ತಕದ ಮಾತು ಬೇರೆ.

ಟೆಸ್ಲಾನ ನೈಜ ಸಾಧನೆಗೂ ಇದೇ ಮಾತು ಅನ್ವಯಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ಹರಿದದ್ದು ಪರ್ಯಾಯ ವಿದ್ಯುತ್ತು. ಮೂರು ವರ್ಷಗಳ ತರುವಾಯ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಆ ವ್ಯವಸ್ಥೆಯ ಬೆನ್ನೆಲುಬಿನಲ್ಲಿ ಟೆಸ್ಲಾನ ಪಾಲು ದೊಡ್ಡದು. ಆದರೆ ಇಟಲಿಯ ಫೆರಾರಿಸ್, ಮೂರು ಹಂತದ ವ್ಯವಸ್ಥೆಯನ್ನು ಬೆಳೆಸಿದ ದೊಲಿವೊ-ದೊಬ್ರೊವೋಲ್‌ಸ್ಕಿ, ಇಲ್ಲಿ ಕಾವೇರಿಯ ದಂಡೆಯಲ್ಲಿ ಯೋಜನೆ ಹಿಡಿದ ಎಂಜಿನಿಯರ್ ಲೋಟ್ಬಿನಿಯೇ, ಅದಕ್ಕೆ ಬೆಂಬಲವಾಗಿ ನಿಂತು ದೀಪ ಹೊತ್ತುವ ಮೊದಲೇ ತೀರಿಕೊಂಡ ದಿವಾನ್ ಶೇಷಾದ್ರಿ ಅಯ್ಯರ್, ಕಂಬ ನೆಟ್ಟು ತಂತಿ ಎಳೆದ ಅನಾಮಧೇಯರು, ಇವರೆಲ್ಲ ಇಲ್ಲದೆ ಕೋಲಾರದ ಯಂತ್ರಗಳು ತಿರುಗುತ್ತಿರಲಿಲ್ಲ. ಮಂಡ್ಯದ ಹುಡುಗನಿಗೆ ಟೆಸ್ಲಾನನ್ನು ಪರಿಚಯಿಸಲು ತುಂಗುಸ್ಕಕ್ಕೆ ಹೋಗಬೇಕಾಗಿಲ್ಲ ಎಂದು ಅಂಚಿನಲ್ಲಿ ಬರೆದಿದ್ದೆ. ಅದನ್ನು ಅವನು ಮೆಚ್ಚಿಕೊಂಡ.

ಗುಡಿಯ ಕರ್ತೃತ್ವ ಒಬ್ಬನಿಗೆ ಸಂದರೆ ಕೀರ್ತಿಯಷ್ಟೇ ಕೈತಪ್ಪುತ್ತದೆ. ಬಾಂಬಿನ ವಿಚಾರದಲ್ಲಿ ಹೊಣೆಯೇ ಕೈತಪ್ಪಿಹೋಗುತ್ತದೆ. ಸತ್ತ ಮುದುಕನೊಬ್ಬನ ಕದ್ದ ಗುಟ್ಟಿನಿಂದ ಹಿರೋಶಿಮಾ ಸುಟ್ಟಿತೆಂದರೆ, ಅರಿತೂ ಮಾಡಿದವರು, ಮಾಡಿಸಿದವರು, ಬೇಡವೆಂದವರು, ಎಲ್ಲರೂ ಒಟ್ಟಿಗೆ ಮರೆಯಾಗುತ್ತಾರೆ. ನನ್ನನ್ನು ಕಾಡಿದ್ದು ಇದು. ಮುನ್ನುಡಿ ಬರೆಯಲಾರೆ ಎಂದು ಹೇಳಿದಾಗ ಅವನ ಮುಖ ಬಾಡಿತು. “ಆ ಅಧ್ಯಾಯ ಇದೆಯೆಂದೇ ಪ್ರಕಾಶಕರು ಒಪ್ಪಿರುವುದು ಸರ್” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಲ್ಲಿ ಯಾರ ಕಥೆ ಬರೆಯಲಿ? ಒಂದೂಕಾಲು ಲಕ್ಷ ಜನರದ್ದೇ?” ಎಂದು ಕೇಳಿದ. ಕೋಪದಲ್ಲಿ ಕೇಳಿದ್ದಾದರೂ ಪ್ರಶ್ನೆ ಸರಿಯಾಗಿಯೇ ಇತ್ತು.

ಬೇಡವೆಂದವರಿಂದ ಶುರುಮಾಡು ಎಂದೆ. ಕರೆ ಬಂದರೂ ಬಾಂಬಿನ ಕೆಲಸಕ್ಕೆ ಬರಲೊಪ್ಪದ ಮೈಟ್ನರ್ ಇದ್ದಾಳೆ. ಜಪಾನಿನ ಮೇಲೆ ಬಾಂಬು ಹಾಕುವ ಮುನ್ನ ಆ ದೇಶಕ್ಕೆ ಶರಣಾಗುವ ಅವಕಾಶ ಕೊಡಿ ಎಂದು 1945ರ ಜುಲೈಯಲ್ಲಿ ಸಿಲಾರ್ಡ್ ಬರೆದ ಮನವಿಗೆ ಸಹಿ ಹಾಕಿದ ಸುಮಾರು 70 ಮಂದಿ ಇದ್ದಾರೆ. ಅವರ ಹೆಸರುಗಳೆಲ್ಲ ದಾಖಲೆಯಲ್ಲಿವೆ. ಇವರೆಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರವಾದವನು ಜೋಸೆಫ್ ರಾಟ್‌ಬ್ಲಾಟ್, ಪೋಲೆಂಡಿನ ಭೌತವಿಜ್ಞಾನಿ. ಹಿಟ್ಲರನಿಗೆ ಮೊದಲು ಬಾಂಬು ಸಿಕ್ಕೀತೆಂಬ ಭಯದಿಂದ ಲಾಸ್ ಅಲಮಾಸಿಗೆ ಹೋದವನು. ಜರ್ಮನರು ಆ ಪ್ರಯತ್ನವನ್ನು ಕೈಬಿಟ್ಟಿದ್ದಾರೆಂದು 1944ರ ಕೊನೆಗೆ ತಿಳಿದಾಗ, ಇನ್ನು ನನಗೆ ಇಲ್ಲಿ ಕೆಲಸವಿಲ್ಲವೆಂದು ಹೊರಟುಬಿಟ್ಟ. ಅವನು ಗೂಢಚಾರನೆಂದು ಭದ್ರತಾ ಸಿಬ್ಬಂದಿ ಕಡತವನ್ನೇ ಕಟ್ಟಿದ್ದರು. ನಿಜವಾದ ಕಾರಣವನ್ನು ಸಹೋದ್ಯೋಗಿಗಳಿಗೆ ಹೇಳಕೂಡದೆಂದು ತಾಕೀತು ಮಾಡಿ ಕಳಿಸಿದರು. ಉಳಿದ ಬದುಕನ್ನೆಲ್ಲ ಅವನು ಅಣ್ವಸ್ತ್ರಗಳ ವಿರುದ್ಧ ಸವೆಸಿದ. 1995ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು.

ಹೊರಡುವಾಗ ರಾಟ್‌ಬ್ಲಾಟ್ ತನ್ನ ಟಿಪ್ಪಣಿ, ಪತ್ರಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಕೊಂಡಿದ್ದ. ವಾಷಿಂಗ್ಟನ್ನಿನಲ್ಲಿ ಅದನ್ನು ರೈಲಿಗೇರಿಸಲು ಕೈಕೊಟ್ಟವನು ನ್ಯೂಟ್ರಾನನ್ನು ಕಂಡುಹಿಡಿದ ಚಾಡ್‌ವಿಕ್. ಕೆಲವು ಗಂಟೆಗಳ ಪ್ರಯಾಣ. ನ್ಯೂಯಾರ್ಕಿನಲ್ಲಿ ಇಳಿದು ನೋಡುವಾಗ ಪೆಟ್ಟಿಗೆ ಇರಲಿಲ್ಲ. ಎಷ್ಟು ಹುಡುಕಿದರೂ ಮತ್ತೆ ಸಿಗಲಿಲ್ಲ. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿ ತನ್ನ ಹಸ್ತಪ್ರತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊನೆಯ ಅಧ್ಯಾಯದ ಹಾಳೆಗಳನ್ನು ಮಗುಚಿ, ಅವುಗಳ ಖಾಲಿ ಬೆನ್ನಿನ ಮೇಲೆ ಬರೆದುಕೊಳ್ಳತೊಡಗಿದ. ನಡುವೆ ಒಮ್ಮೆ ತಲೆಯೆತ್ತಿ, “ರಾಟ್‌ಬ್ಲಾಟ್, ಟ ಒತ್ತು ಎಲ್ಲಿ ಬರುತ್ತದೆ ಸರ್?” ಎಂದು ಕೇಳಿದ.