ಬೆಳಗಿನ ಐದು ಹೆಸರುಗಳು

ನಮ್ಮ ಹಿರಿಯರ ಮನೆಗಳಲ್ಲಿ ಪ್ರಾತಃಸ್ಮರಣೆಯೆಂಬ ರೂಢಿಯೊಂದಿತ್ತು. ಎದ್ದೊಡನೆ ಅಂಗೈಗಳನ್ನು ನೋಡಿಕೊಳ್ಳುವುದು, ಕಾಲಿಡುವ ಮುನ್ನ ನೆಲವನ್ನು ಮುಟ್ಟಿ ಭೂತಾಯಿಯ ಕ್ಷಮೆ ಕೇಳುವುದು, ಅನಂತರ ಪುಣ್ಯಶ್ಲೋಕರನ್ನೂ ಏಳು ಮಂದಿ ಚಿರಂಜೀವಿಗಳನ್ನೂ ನೆನೆಯುವುದು. ಆ ಸಾಲಿನಲ್ಲಿಯೇ ಪಂಚಕನ್ಯೆಯರ ಸ್ಮರಣೆಯೂ ಬರುತ್ತದೆ. ಅಹಲ್ಯೆ, ದ್ರೌಪದಿ, ಸೀತೆ, ತಾರೆ, ಮಂಡೋದರಿ. ಎರಡೇ ಸಾಲಿನ ಪುಟ್ಟ ಶ್ಲೋಕ. ನಿತ್ಯವೂ ಇವರನ್ನು ಸ್ಮರಿಸಿದರೆ ಮಹಾಪಾತಕಗಳೂ ನಾಶವಾಗುತ್ತವೆ ಎಂಬುದು ಅದರ ಫಲಶ್ರುತಿ. ಕೆಲವರ ಪಾಠದಲ್ಲಿ ಸೀತೆಯ ಸ್ಥಾನದಲ್ಲಿ ಕುಂತಿ ಇರುತ್ತಾಳೆ.

ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ದೂರವಾಣಿಯಲ್ಲಿ, "ಮೇಷ್ಟ್ರೇ, ಮಗಳಿಗೆ ಈ ಶ್ಲೋಕ ಹೇಳಿಕೊಟ್ಟೆ. ಇವರೆಲ್ಲಾ ಮದುವೆ ಆದೋರಲ್ವಾ, ಕನ್ಯೆಯರು ಹೇಗಾಗ್ತಾರೆ ಅಂತ ಕೇಳ್ತಾಳೆ" ಎಂದಳು. ಹುಡುಗಿ ಜಾಣೆ. ಈ ಪ್ರಶ್ನೆಯನ್ನು ವಿದ್ವಾಂಸರೂ ಕೇಳಿಕೊಂಡಿದ್ದಾರೆ. 'ಪಂಚಕನ್ಯಾ' ಎಂಬುದನ್ನು 'ಪಂಚಕಂ ನಾ' ಎಂದು ಬಿಡಿಸಿ ಓದುವವರಿದ್ದಾರೆ. 'ನಾ' ಎಂದರೆ ಮನುಷ್ಯನು. ಮನುಷ್ಯನು ಈ ಐವರ ಗುಂಪನ್ನು ನೆನೆಯಬೇಕು ಎಂದು ಅರ್ಥ. ಹೀಗೆ ಓದಿದರೆ ಕನ್ಯೆಯೆಂಬ ಪದವೇ ಮಾಯವಾಗಿ ತೊಡಕು ಬಗೆಹರಿಯುತ್ತದೆ. ವ್ಯಾಕರಣಕ್ಕೆ ಎರಡೂ ಒಪ್ಪುವಂಥವೇ. ಆದರೂ ನನ್ನ ಮನಸ್ಸು ಕನ್ಯೆಯರ ಕಡೆಗೇ ವಾಲುತ್ತದೆ. ಮಹಾಭಾರತದಲ್ಲಿ ಪರಾಶರರಿಂದ ವ್ಯಾಸರನ್ನು ಪಡೆದ ಸತ್ಯವತಿಯೂ, ಸೂರ್ಯನಿಂದ ಕರ್ಣನನ್ನು ಪಡೆದ ಕುಂತಿಯೂ ವರಬಲದಿಂದ ಮತ್ತೆ ಕನ್ಯೆಯರಾದರೆಂದು ಹೇಳಿದೆ. ಕನ್ಯಾತ್ವವನ್ನು ಬರಿಯ ದೇಹದ ಲೆಕ್ಕದಲ್ಲಿ ಆ ಕವಿ ಇಟ್ಟಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಅದಕ್ಕಿಂತ ಸೋಜಿಗದ ಸಂಗತಿ ಬೇರೆಯಿದೆ. ಅನಸೂಯೆ, ಅರುಂಧತಿ, ಸಾವಿತ್ರಿಯರಂಥ ನಿಷ್ಕಳಂಕ ಪತಿವ್ರತೆಯರು ಪುರಾಣಗಳಲ್ಲಿ ಇರುವಾಗ, ಲೋಕದ ನಾಲಗೆಗೆ ಸಿಕ್ಕಿ ನೊಂದ ಐವರನ್ನೇ ಈ ಶ್ಲೋಕ ಆರಿಸಿಕೊಂಡಿದೆ. ಅಹಲ್ಯೆಯನ್ನೇ ನೋಡಿ. ಆಕೆ ಕಲ್ಲಾದಳೆಂದೂ ರಾಮನ ಪಾದಧೂಳಿಯಿಂದ ಹೆಣ್ಣಾದಳೆಂದೂ ನಾವು ಕೇಳಿ ಬೆಳೆದವರು. ವಾಲ್ಮೀಕಿಯಲ್ಲಿ ಕಲ್ಲಿಲ್ಲ. ಗೌತಮರ ವೇಷದಲ್ಲಿ ಬಂದವನು ಇಂದ್ರನೆಂದು ಆಕೆಗೆ ತಿಳಿದಿತ್ತೆಂದೇ ಆದಿಕವಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಶಾಪದಂತೆ ಆಕೆ ಗಾಳಿಯನ್ನೇ ಆಹಾರವಾಗಿಸಿಕೊಂಡು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ತಪಿಸುತ್ತಾಳೆ. ಕಡೆಗೆ ರಾಮಲಕ್ಷ್ಮಣರು ಬಂದು ಆಕೆಯ ಪಾದಗಳನ್ನು ಹಿಡಿಯುತ್ತಾರೆ. ಪಾದ ಹಿಡಿದವರು ಯಾರು, ಹಿಡಿಸಿಕೊಂಡವರು ಯಾರು ಎಂಬುದನ್ನು ಗಮನಿಸಬೇಕು.

ತಾರೆಯನ್ನು ಹೆಚ್ಚು ಮಂದಿ ಬಲ್ಲವರಿಲ್ಲ. ಬೃಹಸ್ಪತಿಯ ಪತ್ನಿಯಲ್ಲ, ವಾಲಿಯ ಪತ್ನಿ ಈಕೆ. ಪೆಟ್ಟು ತಿಂದು ಓಡಿದ ಸುಗ್ರೀವ ಮರಳಿ ಬಂದು ಕೂಗುತ್ತಿದ್ದಾನೆಂದರೆ ಅವನ ಬೆನ್ನಿಗೆ ಯಾರೋ ನಿಂತಿರಬೇಕೆಂದು ಊಹಿಸಿ, ಹೋಗಬೇಡವೆಂದು ಗಂಡನನ್ನು ತಡೆದವಳು. ಅವನು ಕೇಳಲಿಲ್ಲ. ಸಾಯುವಾಗ ಮಾತ್ರ, ತಾರೆ ಹೇಳಿದ್ದನ್ನು ಅನುಮಾನಿಸದೆ ನಡೆಸೆಂದು ತಮ್ಮನಿಗೆ ಹೇಳಿ ಸತ್ತ. ಮುಂದೆ ಸುಗ್ರೀವನೊಡನೆ ಬಾಳಿದ ಈಕೆಯೇ, ಕಿಡಿಕಿಡಿಯಾಗಿ ಬಂದ ಲಕ್ಷ್ಮಣನನ್ನು ಸಮಾಧಾನಪಡಿಸಿ ಕಿಷ್ಕಿಂಧೆಯನ್ನು ಉಳಿಸಿದಳು. ಮಂಡೋದರಿಯಾದರೋ ಗಂಡನ ಶವದ ಮುಂದೆ ಅಳುತ್ತಲೇ, ಹಿಂದೆ ತಪಸ್ಸಿನಲ್ಲಿ ಅವನು ಗೆದ್ದಿದ್ದ ಇಂದ್ರಿಯಗಳೇ ಹಗೆ ತೀರಿಸಿಕೊಂಡವೆಂದು ನಿಜವನ್ನು ನುಡಿದವಳು. ಆಕೆ ವಿಭೀಷಣನ ಕೈಹಿಡಿದಳೆಂದು ಹೇಳುವ ಕಥೆಗಳೂ ಉಂಟು. ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿಯದು ಎಂದು ಕೇಳಿದ ದ್ರೌಪದಿಯನ್ನು ಕುರಿತು ನಿಮಗೆ ತರಗತಿಯಲ್ಲಿಯೇ ಬೇಕಾದಷ್ಟು ಹೇಳಿದ್ದೇನೆ. ನಮ್ಮ ಪಂಪ ಆಕೆಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ; ಬೆಂಗಳೂರಿನ ತಿಗಳರು ಐವರ ಹೆಂಡತಿಯೆಂದೇ ಒಪ್ಪಿ, ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊತ್ತು ಪೂಜಿಸುತ್ತಾರೆ. ಸೀತೆಯ ವಿಷಯ ಹೇಳಬೇಕಾದ್ದೇ ಇಲ್ಲ.

ಈ ಶ್ಲೋಕವನ್ನು ನಾನು ಕಲಿತದ್ದು ನನ್ನ ಸೋದರತ್ತೆಯಿಂದ. ಒಂಬತ್ತನೆಯ ವಯಸ್ಸಿನಲ್ಲಿ ಮದುವೆ, ಹನ್ನೆರಡಕ್ಕೆ ವೈಧವ್ಯ. ಆಮೇಲೆ ಕೆಂಪು ಸೀರೆ, ಬೋಳು ತಲೆ, ನಮ್ಮ ಮನೆಯ ಅಡುಗೆಮನೆ. ನಾಲ್ಕು ಗಂಟೆಗೇ ಎದ್ದು ತಣ್ಣೀರು ಸುರಿದುಕೊಂಡು, ಒಲೆಯ ಬೂದಿ ತೆಗೆಯುತ್ತಾ ಈ ಐದು ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಮಲಗಿದ್ದ ನಮಗೆ ಆ ದನಿಯೇ ಬೆಳಗು. ತಂದೆಯವರೂ ದೇವರ ಮನೆಯಲ್ಲಿ ಅದೇ ಶ್ಲೋಕ ಹೇಳುತ್ತಿದ್ದರು. ಆದರೆ ಅವರು ಪ್ರಯಾಣ ಹೊರಟಾಗ ಅಕ್ಕ ಎದುರಿಗೆ ಬಾರದಂತೆ ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಮಾಡಲಾಗುತ್ತಿತ್ತು. ಬಾಗಿಲು ಮುಚ್ಚುತ್ತಿದ್ದವರು ಅತ್ತೆಯೇ, ಯಾರೂ ಹೇಳಬೇಕಾಗಿರಲಿಲ್ಲ. ಗಂಡ ಸತ್ತ ತಾರೆ, ಮಂಡೋದರಿಯರ ಹೆಸರು ಬೆಳಗಾಗೆದ್ದು ಹೇಳಿದರೆ ಪಾಪನಾಶ, ಗಂಡ ಸತ್ತ ಅಕ್ಕನ ಮುಖ ಕಂಡರೆ ಅಪಶಕುನ! ತಂದೆಯವರು ಕ್ರೂರಿಗಳಲ್ಲ. ಅಕ್ಕನಿಗೆ ಜ್ವರ ಬಂದರೆ ರಾತ್ರಿಯೆಲ್ಲಾ ಕೂತಿರುತ್ತಿದ್ದರು. ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯಲ್ಲಿ ವಿಧವೆಗೆ ಮದುವೆ ಮಾಡಿಸಿದ್ದು 1899ರಲ್ಲಿ. ನಮ್ಮ ನಡುಮನೆಗೆ ಆ ಗಾಳಿ ಬೀಸಲೇ ಇಲ್ಲ.

1971ರಲ್ಲಿ ನನ್ನ ತಂಗಿಯ ಮದುವೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಬಿಸಿರಕ್ತ. ಹೆಣ್ಣಿಗೆ ಮೊದಲ ಅರಿಶಿನ ಅತ್ತೆಯೇ ಹಚ್ಚಬೇಕೆಂದು ಹಟ ಹಿಡಿದೆ. ತಂಗಿಯನ್ನು ಹುಟ್ಟಿದಂದಿನಿಂದ ಎತ್ತಿ ಆಡಿಸಿ, ಎಣ್ಣೆ ನೀರು ಹಾಕಿದವರು ಅವರೇ ತಾನೇ? ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, "ಅಕ್ಕ ಒಪ್ಪಿದರೆ ಆಗಲಿ" ಎಂದರು. ನಾನು ಅಡುಗೆಮನೆಗೆ ಓಡಿದೆ. ಅತ್ತೆ ಕೈಯೊರಸಿಕೊಂಡು ನನ್ನನ್ನೇ ನೋಡಿದರು. "ಬೇಡ ಕಣೋ ಮಗು. ನಾಳೆ ಆ ಕೂಸಿಗೆ ಏನಾದರೂ ಒಂದು ತಲೆನೋವು ಬಂದರೂ ನನ್ನ ಕೈ ನೆನಪಾಗುತ್ತೆ ಎಲ್ಲರಿಗೂ. ನೀನು ಕೇಳಿದೆಯಲ್ಲ, ಸಾಕು" ಎಂದರು. ಆದರೆ ಮುಹೂರ್ತದ ಹೊತ್ತಿಗೆ ಹೊರಗೆ ಬಂದು ಕಂಬದ ಪಕ್ಕ ನಿಂತಿದ್ದರು. ತಂದೆಯವರು ಅತ್ತ ನೋಡಿದರು, ಏನೂ ಅನ್ನಲಿಲ್ಲ. ಅಲ್ಲಿಂದ ಮುಂದೆ ಅವರು ಊರಿಗೆ ಹೊರಡುವಾಗ ಅಡುಗೆಮನೆಯ ಬಾಗಿಲು ಮುಚ್ಚಿದ್ದನ್ನು ನಾನು ಕಾಣಲಿಲ್ಲ.

ಇನ್ನು ಮಕ್ಕಳಿಗೆ ಕಲಿಸುವ ವಿಚಾರ. ಅವಶ್ಯವಾಗಿ ಕಲಿಸಿ. ಬೆಳಿಗ್ಗೆ ಶ್ಲೋಕ ಹೇಳಿಸಿ, ರಾತ್ರಿ ಮಲಗುವಾಗ ಒಬ್ಬೊಬ್ಬರ ಕಥೆಯನ್ನು ಪೂರ್ತಿಯಾಗಿ ಹೇಳಿ. ಇಂದ್ರನ ಪ್ರಸಂಗವನ್ನು ಎಷ್ಟು ಹೇಳಬೇಕೆಂಬುದು ಮಗುವಿನ ವಯಸ್ಸಿಗೆ ಬಿಟ್ಟದ್ದು. ಆದರೆ ತಿಳಿದ ಮೇಲೆ ಕೇಳಿದರೆ ಮರೆಸಬೇಡಿ. ನಾನು ಮೊಮ್ಮಗಳಿಗೆ ತಾರೆಯಿಂದ ಆರಂಭಿಸಿದೆ. ಕಪಿಗಳ ಕಥೆಯಾದ್ದರಿಂದ ಕಣ್ಣರಳಿಸಿ ಕೇಳಿದಳು. "ವಾಲಿ ಯಾಕೆ ಅವಳ ಮಾತು ಕೇಳಲಿಲ್ಲ ತಾತ?" ಎಂದು ಮೂರು ದಿನ ಬಿಡದೆ ಪೀಡಿಸಿದ್ದರಿಂದ ಮಂಡೋದರಿಯ ಕಥೆ ಇನ್ನೂ ಬಾಕಿಯಿದೆ.